ಪುಣೆಯಲ್ಲಿ ದಿನಾ ಕೋಥ್ರೂಡ್–ಹಿಂಜವಡಿ ಓಡಾಟ. ಕಾರಿಗೆ ಕಂಪನಿಯದ್ದಕ್ಕಿಂತ ಶೇ. 30 ಗಟ್ಟಿ ಸ್ಪ್ರಿಂಗ್ ಹಾಕಿಸಲಾ, ಶೇ. 50 ಹಾಕಿಸಲಾ?

ಎರಡೂ ಬೇಡ. ಮೊದಲು ಸ್ಪ್ರಿಂಗಿನ ಕುಣಿತ ತಡೆಯೋ ಶಾಕ್ ಅಬ್ಸಾರ್ಬರ್ ಬಿಚ್ಚಿಸಿ ನೋಡಿ.

70 ಸಾವಿರ ಕಿಮೀ ಓಡಿದ ಹ್ಯಾಚ್‌ಬ್ಯಾಕ್, ಹಂಪ್‌ನಲ್ಲಿ ತಳ ಬಡಿಯುತ್ತೆ, ತಿರುವಿನಲ್ಲಿ ತೂಗುತ್ತೆ ಅಂತ ಬರೆದಿದ್ದೀರಿ. ನನ್ನದೂ ಇದೇ ಗೋಳಾಗಿತ್ತು. ಮನೆ ವಾರ್ಜೆಯಲ್ಲಿ, ಆಫೀಸು ಹಿಂಜವಡಿಯಲ್ಲಿ, ಹಬ್ಬಕ್ಕೆ ಬೆಳಗಾವಿ. ಊರಿಂದ ವಾಪಸ್ ಬರುವಾಗ ಸಾತಾರಾ–ಪುಣೆ ನಡುವಿನ ಖಂಬಾಟಕಿ ಘಾಟಿನ ಹಳೇ ಸುರಂಗ ದಾಟಿದ ಕೂಡಲೇ ಇಳಿಜಾರಲ್ಲಿ ಎಸ್ ತಿರುವು ಬರುತ್ತಿತ್ತಲ್ಲ, ಅಲ್ಲಿ ಕಾರು ಈ ಕಡೆ ವಾಲಿ ಆ ಕಡೆ ತೂಗುತ್ತಿತ್ತು. ಸ್ಪ್ರಿಂಗ್ ಸೋತಿದೆ ಅಂತ ನಾನೇ ತೀರ್ಪು ಕೊಟ್ಟೆ. ಕಂಪನಿಯದ್ದಕ್ಕಿಂತ ಅರ್ಧದಷ್ಟು ಜಾಸ್ತಿ ಗಟ್ಟಿ ಇರೋ, 30 ಮಿಮೀ ಗಿಡ್ಡ ಸ್ಪ್ರಿಂಗ್ ತರಿಸಿದೆ. ಶಾಕ್ ಹಳೆಯದೇ ಇರಲಿ, ಎಣ್ಣೆ ಸೋರುತ್ತಿಲ್ಲವಲ್ಲ ಅಂದುಕೊಂಡೆ. ಗ್ಯಾರೇಜಿನ ಹುಡುಗನೂ ಬೇಡ ಅನ್ನಲಿಲ್ಲ.

ಕೆಟ್ಟಿದ್ದು ಅಲ್ಲೇ. ಸ್ಪ್ರಿಂಗ್ ಗುಂಡಿಯ ಹೊಡೆತವನ್ನು ನುಂಗೋದಿಲ್ಲ. ಸಾಲ ತಗೊಂಡವರ ಹಾಗೆ ಸ್ವಲ್ಪ ಹೊತ್ತು ಇಟ್ಟುಕೊಂಡು ವಾಪಸ್ ಕೊಡುತ್ತೆ. ನುಂಗೋದು ಶಾಕ್. ಒಳಗಿನ ಎಣ್ಣೆ ಸಣ್ಣ ತೂತುಗಳಲ್ಲಿ ನುಗ್ಗುವಾಗ ಆ ಜೋರೆಲ್ಲ ಬಿಸಿಯಾಗಿ ಕಳೆದುಹೋಗುತ್ತೆ. ಸ್ಪ್ರಿಂಗ್ ಗಟ್ಟಿಯಾದಷ್ಟೂ ಒದೆಯೋದು ಜಾಸ್ತಿ, ಅದನ್ನು ಹಿಡಿಯೋಕೆ ಶಾಕ್ ಕೂಡ ಗಟ್ಟಿ ಬೇಕು. ದಿನಬಳಕೆಯ ಕಾರುಗಳಲ್ಲಿ ಮೈ ಸೆಕೆಂಡಿಗೆ ಸುಮಾರು 1ರಿಂದ 1.5 ಸಲ ಮೇಲೆ ಕೆಳಗೆ ಆಡುವಂತೆ ಸ್ಪ್ರಿಂಗ್ ಆರಿಸಿರುತ್ತಾರೆ. ಶೇ. 50 ಗಟ್ಟಿ ಮಾಡಿದರೂ ಆ ಕುಣಿತದ ವೇಗ ಏರೋದು ಶೇ. 22ರಷ್ಟೇ, ಲೆಕ್ಕ ವರ್ಗಮೂಲದ್ದು (1.5ರ ವರ್ಗಮೂಲ ಸುಮಾರು 1.22). ಇಷ್ಟೇ ತಾನೇ ಅನ್ನಿಸುತ್ತೆ ಅಲ್ವಾ? ಆದರೆ ಶಾಕ್ ಅದೇ ಇದ್ದರೆ, ಹೊಸ ಸ್ಪ್ರಿಂಗ್ ಎದುರು ಅದರ ಹಿಡಿತ ಶೇ. 18ರಷ್ಟು ಇಳಿದ ಲೆಕ್ಕ. ನನ್ನ ಶಾಕ್ ಮೊದಲೇ ಅರ್ಧ ಸತ್ತಿತ್ತು.

ಇನ್ನು ಆ 30 ಮಿಮೀ. ಚಕ್ರ ಮೇಲೆ ಬರೋಕೆ ಇದ್ದ ಜಾಗದಲ್ಲೇ ಅಷ್ಟು ಹೋಯಿತು. ಹಿಂದೆ ಇಬ್ಬರು ಕೂತು, ಡಿಕ್ಕಿಯಲ್ಲಿ ಊರಿನ ಅಕ್ಕಿ ಚೀಲ ಇಟ್ಟರೆ ಕಾರು ಹೆಚ್ಚುಕಮ್ಮಿ ಬಂಪ್ ಸ್ಟಾಪ್ (ಸ್ಪ್ರಿಂಗ್ ಪೂರ್ತಿ ಕುಸಿದಾಗ ತಗುಲೋ ತಡೆ ತುಂಡು) ಮೇಲೇ ಕೂರುತ್ತಿತ್ತು. ಅದು ತಗುಲಿದ ಮೇಲೆ ಸ್ಪ್ರಿಂಗ್ ಶೇ. ಎಷ್ಟು ಗಟ್ಟಿ ಇದ್ದರೇನು ಬಂತು? ಸೇತುವೆಯ ಒಂದೊಂದು ಜಾಯಿಂಟೂ ಬೆನ್ನಿಗೇ ಹೊಡೆಯುತ್ತಿತ್ತು. ಸಾತಾರಾ ಬರೋದರೊಳಗೆ ಅವ್ವ ಹೇಳೇಬಿಟ್ಟಳು: "ನಾ ಬಸ್ಸಿನ್ಯಾಗ ಹೋಗ್ತೀನಪಾ, ನೀ ಗಾಡಿ ತಗೊಂಡು ಬಾ."

ಆಮೇಲೆ ಒಬ್ಬ ಹಳೇ ಮಿಸ್ತ್ರಿ ಹತ್ತಿರ ಬಿಚ್ಚಿಸಿದೆ. ಶಾಕ್‌ನ ರಾಡ್ ಕೈಯಲ್ಲಿ ಒತ್ತಿ ತೋರಿಸಿದರು. ಮೊದಲು ಬಿಗಿ, ನಡುವೆ ಸುಮ್ನೆ ಜಾರಿ ಹೋಗುತ್ತೆ, ಆಮೇಲೆ ಮತ್ತೆ ಬಿಗಿ. ಹೊರಗೆ ಒಂದು ಹನಿ ಎಣ್ಣೆ ಇಲ್ಲ, ಆದರೂ ಶಾಕ್ ಹೋಗಿತ್ತು. ಬಂಪ್ ಸ್ಟಾಪ್ ಇದ್ದ ಜಾಗದಲ್ಲಿ ಹಳದಿ ಪುಡಿ. ಹಳೆಯ ಸ್ಪ್ರಿಂಗ್ ತನ್ನಿ, ಅದನ್ನೇ ಹಾಕೋಣ ಅಂದರು. ನಾನು ಅದನ್ನು ಗುಜರಿಗೆ ಹಾಕಿಯಾಗಿತ್ತು! ಶಾಕ್, ಬಂಪ್ ಸ್ಟಾಪ್, ಶಾಕನ್ನು ಕಾರಿಗೆ ಕೂರಿಸೋ ಮೌಂಟ್ ಜೊತೆಗೆ ಕಂಪನಿ ಸ್ಪ್ರಿಂಗನ್ನೂ ಮತ್ತೆ ದುಡ್ಡು ಕೊಟ್ಟು ತಂದೆ. ಎಸ್ ತಿರುವಿನಲ್ಲಿ ತೂಗೋದು ನಿಂತಿತು, ಅದೂ ಕಂಪನಿಯ ಮೆತ್ತನೆ ಸ್ಪ್ರಿಂಗಿನಲ್ಲೇ.

ನೀವೇ ನೋಡಿಕೊಳ್ಳಿ: ಉದ್ದ ತಿರುವಿನಲ್ಲಿ ಕಾರು ಪೂರ್ತಿ ಹೊತ್ತು ವಾಲಿಕೊಂಡೇ ಇದ್ದರೆ ಅದು ಸ್ಪ್ರಿಂಗ್, ಆಂಟಿ-ರೋಲ್ ಬಾರ್ (ಕಾರು ವಾಲದಂತೆ ಹಿಡಿಯೋ ಕಂಬಿ) ಕಡೆಯ ಮಾತು. ಸ್ಟೀರಿಂಗ್ ಈ ಕಡೆಯಿಂದ ಆ ಕಡೆ ತಿರುಗಿಸಿದಾಗ ಮಾತ್ರ ತೂಗಿದರೆ ಶಾಕ್. ಶಾಕ್ ಬದಲಿಸುವುದಾದರೆ ಎಡ-ಬಲ ಜೋಡಿಯಾಗಿ ಬದಲಿಸಿ, ಅಲೈನ್‌ಮೆಂಟ್ ಮಾಡಿಸಿ. ಸ್ಪ್ರಿಂಗ್ ಸುತ್ತುಗಳ ಮಧ್ಯೆ ಸಿಕ್ಕಿಸೋ ರಬ್ಬರ್ ಬಫರ್ ಹಾಕಿಸಬೇಡಿ. ಅದೂ ಸ್ಪ್ರಿಂಗನ್ನು ಗಟ್ಟಿ ಮಾಡುತ್ತೆ, ಶಾಕಿಗೆ ಮತ್ತದೇ ಪಾಡು.

ಇಷ್ಟಾದ ಮೇಲೂ ಗಟ್ಟಿ ಬೇಕೇ ಬೇಕು ಅಂದರೆ, ಎತ್ತರ ಕಮ್ಮಿ ಮಾಡದೆ ಶೇ. 15–20, ಅದಕ್ಕೆ ಹೊಂದುವ ಶಾಕ್ ಜೊತೆಗೇ ತಗೊಳ್ಳಿ. ಹಿಂಜವಡಿಯ ಟ್ರಾಫಿಕ್‌ನಲ್ಲಿ ಶೇ. 50 ಇಟ್ಟುಕೊಂಡು ಏನು ಮಾಡ್ತೀರಿ? ಮತ್ತೆ, ಟೈರಿಗೆ ಗಾಳಿ ಎಷ್ಟು ಹಾಕಿಸಿದ್ದೀರಿ? ಅದನ್ನು ಬರೆದಿಲ್ಲ. ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ಅಳೆಸಿ, ಡ್ರೈವರ್ ಬಾಗಿಲ ಹತ್ತಿರದ ಸ್ಟಿಕರಿನಲ್ಲಿ ಇರೋಷ್ಟೇ ಇಟ್ಟುಕೊಳ್ಳಿ.