ಮುಯ್ಯಾಳು ಅಂದರೆ ಟೀಮ್‌ವರ್ಕಾ?

ಪ್ರಶ್ನೆ: ನಮ್ಮ ಕಂಪನಿಯ ಕನ್ನಡ ಸಂಘದ ಸಂಚಿಕೆಗೆ ಟೀಮ್‌ವರ್ಕ್ ಬಗ್ಗೆ ಬರೆಯುತ್ತಿದ್ದೇನೆ. ಅದಕ್ಕೆ ‘ಮುಯ್ಯಾಳು’ ಎಂಬ ಪದ ಹಾಕಿದೆ. ‘ಮುಯ್ಯಿ ಅಂದ್ರೆ ಸೇಡು ಕಣೋ’ ಎಂದು ಗೆಳೆಯ ನಗುತ್ತಾನೆ. ಯಾರು ಸರಿ?
– ಓದುಗ, ಬೆಂಗಳೂರು

ಉತ್ತರ: ಇಬ್ಬರೂ ಅರ್ಧರ್ಧ ಸರಿ. ಪಡೆದದ್ದನ್ನು ತಿರುಗಿ ಕೊಡುವುದೇ ಮುಯ್ಯಿ. ಪೆಟ್ಟಿಗೆ ಪೆಟ್ಟು ಕೊಟ್ಟರೂ ಮುಯ್ಯಿ, ಮದುವೆ ಮನೆಯಲ್ಲಿ ಓದಿಸುವ ಹಣವೂ ಮುಯ್ಯಿ. ತಮಿಳಿನವರು ಈ ಮದುವೆ ಹಣಕ್ಕೆ ‘ಮೊಯ್’ ಎನ್ನುತ್ತಾರೆ. ನಿಮ್ಮ ಗೆಳೆಯ ಸಿನಿಮಾ ಜಾಸ್ತಿ ನೋಡಿರಬೇಕು, ಸೇಡೊಂದೇ ನೆನಪಾಗಿದೆ.

ಮುಯ್ಯಾಳಿನಲ್ಲಿ ತಿರುಗಿ ಕೊಡುವುದು ದುಡಿಮೆಯನ್ನು. ನಾನು ಹಾಸನ ಕಡೆಯ ಗದ್ದೆ ಬಯಲಿನವಳು. ಅಲ್ಲಿ ಕಾಲುವೆ ನೀರು ಎಲ್ಲರ ಗದ್ದೆಗೂ ಹೆಚ್ಚುಕಮ್ಮಿ ಒಟ್ಟಿಗೇ ಬರುತ್ತದೆ. ಸಸಿಮಡಿಯ ಪೈರನ್ನು ಮೂರು, ಮೂರೂವರೆ ವಾರಕ್ಕೆ ಕಿತ್ತು ನೆಡಬೇಕು. ತಡ ಮಾಡಿದರೆ ಸಸಿ ಬಲಿತು ತೆಂಡೆ, ಅಂದರೆ ಬುಡದಿಂದ ಬರುವ ಕವಲು, ಕಡಿಮೆ ಒಡೆಯುತ್ತದೆ. ಊರಿಗೆಲ್ಲ ಒಂದೇ ಅವಸರ. ಕೈಯಲ್ಲಿ ದುಡ್ಡಿದ್ದರೂ ಆ ವಾರ ಕೂಲಿಯಾಳು ಸಿಗುವುದು ಕಷ್ಟ. ಅದಕ್ಕೇ ನಾಲ್ಕೈದು ಮನೆಯವರು ಮಾತಾಡಿಕೊಂಡು ಇವತ್ತು ಒಬ್ಬರ ಗದ್ದೆ, ನಾಳೆ ಇನ್ನೊಬ್ಬರದು ಎಂದು ನಾಟಿ ಮುಗಿಸುತ್ತಿದ್ದರು. ಮಧ್ಯಾಹ್ನದ ಊಟ ಗದ್ದೆಯವರದು. ಕೂಲಿ ಇಲ್ಲ.

ಹಾಗಂತ ಪುಕ್ಕಟೆ ಅಲ್ಲ! ಆಳಿಗೆ ಆಳು, ದಿನಕ್ಕೆ ದಿನ. ಅವರ ಮನೆಯಿಂದ ಇಬ್ಬರು ಬಂದಿದ್ದರೆ ನಮ್ಮ ಮನೆಯಿಂದಲೂ ಇಬ್ಬರು ಹೋಗಬೇಕು. ಹೋಗಬೇಕಾದವಳಿಗೆ ಜ್ವರ ಬಂದರೆ ನಾದಿನಿಯನ್ನೋ ಮಗಳನ್ನೋ ಕಳಿಸಬೇಕು. ಅದೂ ಆಗದಿದ್ದರೆ ಆ ಬಾಕಿ ಕಳೆ ಕೀಳುವ ಹೊತ್ತಿಗೆ ಹೋಗುತ್ತದೆ, ಕೊಯ್ಲಿನವರೆಗೂ ಉಳಿಯಬಹುದು. ಮದುವೆ ಮುಯ್ಯಿಯನ್ನಾದರೆ ಪುಸ್ತಕದಲ್ಲಿ ಬರೆದಿಡುತ್ತಾರೆ. ಇದು ಬರೀ ಬಾಯಿ ಲೆಕ್ಕ. ‘ಏನವ್ವ, ನಿಮ್ ಮನೆಯಿಂದ ಇನ್ನೂ ಒಂದಾಳು ಬರ್ಬೇಕಲ್ಲ’ ಎಂದು ನಮ್ಮಜ್ಜಿ ಬದುವಿನ ಮೇಲೆ ನಿಂತೇ ಕೇಳುತ್ತಿದ್ದರು. ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಮುಂದಿನ ವಾರ ಅವರೂ ಕೇಳುವವರೇ ಅಲ್ವಾ?

ಹಾಗಾದರೆ ಇದನ್ನು ‘ಸಹಕಾರ’ ಅನ್ನಬಹುದಲ್ಲ ಎಂದರೆ, ಅದರ ಜಾಡು ಬೇರೆ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಅಂಥ ಸಂಘದಲ್ಲಿ ಸದಸ್ಯರೆಲ್ಲ ಸೇರಿ ಒಂದು ಗಂಟು ಮಾಡುತ್ತಾರೆ, ಬೇಕಾದವರು ಅದರಿಂದ ಸಾಲ ಪಡೆಯುತ್ತಾರೆ. ಮುಯ್ಯಾಳಿನಲ್ಲಿ ಒಟ್ಟು ಗಂಟು ಅನ್ನುವುದೇ ಇಲ್ಲ. ಗದ್ದೆಯೂ ಅವರವರದೇ, ಬೆಳೆಯೂ ಅವರವರದೇ.

ಇನ್ನು ನಿಮ್ಮ ಲೇಖನ. ಹತ್ತು ಜನ ಸೇರಿ ಕಂಪನಿಯ ಒಂದೇ ಪ್ರಾಜೆಕ್ಟ್ ಮಾಡುತ್ತೀರಿ, ಎಲ್ಲರಿಗೂ ಸಂಬಳ ಬರುತ್ತದೆ. ಅದನ್ನು ಮುಯ್ಯಾಳು ಎಂದರೆ ನಮ್ಮೂರಿನವರು ನಗುತ್ತಾರೆ. ‘ಕೂಡಿ ಮಾಡುವ ಕೆಲಸ’ ಎನ್ನಿ, ಇಲ್ಲವೇ ಟೀಮ್‌ವರ್ಕ್ ಅಂತಲೇ ಬಿಡಿ, ಯಾರಿಗೂ ಅರ್ಥವಾಗದೆ ಇರುವುದಿಲ್ಲ. ಆದರೆ ಯುಗಾದಿಗೆ ನೀವು ಊರಿಗೆ ಹೋದಾಗ ನಿಮ್ಮ ರಾತ್ರಿ ಪಾಳಿಯನ್ನು ಪಕ್ಕದ ಸೀಟಿನವರು ಮಾಡಿ, ಕ್ರಿಸ್‌ಮಸ್‌ಗೆ ಅವರದನ್ನು ನೀವು ಮಾಡಿದರೆ ಅದು ಅಪ್ಪಟ ಮುಯ್ಯಾಳು. ಅಲ್ಲಿ ಧಾರಾಳವಾಗಿ ಬಳಸಿ. ‘ಮುಯ್ಯಾಳಿಗೆ ಹೋಗಿದ್ದೆ’, ‘ಮುಯ್ಯಾಳು ತೀರಿಸಿದೆ’ ಎರಡೂ ಸರಿ. ಮುಯ್ಯಿ ಮತ್ತು ಆಳು ಸೇರಿದ ಲೋಪಸಂಧಿ ಇದು. ಯಕಾರಕ್ಕೆ ಒತ್ತು ಕೊಡುವುದನ್ನು ಮರೆಯಬೇಡಿ.