ಓದುಗರ ಪ್ರಶ್ನೆಗೆ ಉತ್ತರ: ನದಿಯ ಎರಡು ದಡಗಳೇ ದೇಶವಾದ ಗ್ಯಾಂಬಿಯಾ

ಪ್ರಶ್ನೆ: ಮಗಳ ಶಾಲೆಯ ಭೂಪಟದಲ್ಲಿ ಸೆನೆಗಲ್ ದೇಶದ ಹೊಟ್ಟೆಯೊಳಗೆ ಗೆರೆ ಎಳೆದಂತೆ ಗ್ಯಾಂಬಿಯಾ ಕಂಡಿತು. ಅದು ಬೇರೆ ದೇಶವಾಗಿದ್ದು ಹೇಗೆ? ಉದ್ದಕ್ಕೂ ಹೊಳೆ ಹರಿಯುವ ನಾಡಿನಲ್ಲಿ ರೈತರಿಗೆ ನೀರಿನ ಚಿಂತೆ ಇರಲಿಕ್ಕಿಲ್ಲವಲ್ಲ?
– ಓದುಗರೊಬ್ಬರು, ಅಥಣಿ

ಉತ್ತರ: ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದ ವಿಸ್ತೀರ್ಣ ಸುಮಾರು 11,300 ಚದರ ಕಿ.ಮೀ.; ತಮ್ಮ ಬೆಳಗಾವಿ ಜಿಲ್ಲೆಯೇ ಅದಕ್ಕಿಂತ ದೊಡ್ಡದು, 13,400 ಚದರ ಕಿ.ಮೀ. 2024ರ ಜನಗಣತಿಯಂತೆ ಅಲ್ಲಿಯ ಜನಸಂಖ್ಯೆ ಸುಮಾರು 24 ಲಕ್ಷ, ಅಂದರೆ 2011ರಲ್ಲಿ ಬೆಳಗಾವಿ ಜಿಲ್ಲೆಯಲ್ಲಿದ್ದವರ ಅರ್ಧದಷ್ಟು. ಉದ್ದ ಮುನ್ನೂರು ಕಿ.ಮೀ. ಮೀರಿದರೂ ಅಗಲ ಹೆಚ್ಚೆಂದರೆ ಐವತ್ತು. ಗಿನಿ ದೇಶದ ಫೂಟಾ ಜಾಲನ್ ಬೆಟ್ಟಗಳಲ್ಲಿ ಹುಟ್ಟಿ ಅಟ್ಲಾಂಟಿಕ್ ಸೇರುವ ಗ್ಯಾಂಬಿಯಾ ನದಿಯಲ್ಲಿ ಹಡಗುಗಳು ಒಳನಾಡಿಗೆ ಬಹುದೂರ ಸಾಗಬಲ್ಲವು. ಮೊದಲು ಗುಲಾಮರ, ಆಮೇಲೆ ಶೇಂಗಾದ ವ್ಯಾಪಾರಕ್ಕಾಗಿ ಬ್ರಿಟಿಷರು ಈ ಜಲಮಾರ್ಗವನ್ನು ಬಿಟ್ಟುಕೊಡಲಿಲ್ಲ; ಸುತ್ತಲಿನ ನೆಲ ಫ್ರೆಂಚರ ಪಾಲಾಯಿತು. 1889ರಲ್ಲಿ ಅವರಿಬ್ಬರೂ ಒಪ್ಪಿಕೊಂಡ ಗಡಿ, ನದಿ ಬಾಗಿದಲ್ಲಿ ತಾನೂ ಬಾಗುತ್ತ ಹೋಗಿದೆ. ಮಾಂಡಿಂಕಾ, ಫುಲಾ, ವೊಲೊಫ್ ಜನ ಗಡಿಯ ಎರಡೂ ಬದಿಗೆ ಇದ್ದಾರೆ. ಅವರನ್ನು ಯಾರೂ ಕೇಳಿರಲಿಲ್ಲ. 1965ರ ಫೆಬ್ರವರಿ 18ರಂದು ದೇಶ ಸ್ವತಂತ್ರವಾಯಿತು.

ನೀರಿನ ಚಿಂತೆ ಇರಲಿಕ್ಕಿಲ್ಲವೆಂಬ ತಮ್ಮ ಊಹೆ ಸಹಜವಾದುದು, ಆದರೆ ಆ ನಾಡಿನ ಕಷ್ಟ ಇರುವುದೇ ಆ ಹೊಳೆಯ ನೀರಿನಲ್ಲಿ. ಕೃಷ್ಣೆ ತಮ್ಮ ತಾಲೂಕಿನಲ್ಲಿ ಸಮುದ್ರಮಟ್ಟದಿಂದ ನೂರಾರು ಮೀಟರ್ ಎತ್ತರದಲ್ಲಿ ಹರಿಯುತ್ತಾಳೆ. ಗ್ಯಾಂಬಿಯಾದಲ್ಲಾದರೋ ದೇಶದ ಅತಿ ಎತ್ತರದ ನೆಲವೂ ನೂರು ಮೀಟರ್ ಮುಟ್ಟದು. ಇಳಿಜಾರು ಇಲ್ಲದ ಕಾರಣ ಸಮುದ್ರದ ಭರತ ನದಿಯೊಳಗೆ ನುಗ್ಗುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಳೆಗಾಲದಲ್ಲಿ ಮೇಲಿನಿಂದ ಬರುವ ಸಿಹಿನೀರು ಉಪ್ಪುನೀರನ್ನು ಕೆಳಕ್ಕೆ ತಳ್ಳುತ್ತದೆ. ಮಳೆ ನಿಂತು ಹೊಳೆ ಬಡವಾದಂತೆ ಉಪ್ಪು ಮತ್ತೆ ಮೇಲೇರಿ, ಬೇಸಿಗೆಯ ಕೊನೆಗೆ ಇನ್ನೂರು ಕಿ.ಮೀ. ಮೀರಿ ಒಳಗೆ ಬಂದಿರುತ್ತದೆ. ಕಣ್ಣೆದುರಿಗೆ ತುಂಬಿದ ಹೊಳೆಯಿದ್ದರೂ ಕೆಳಭಾಗದ ರೈತ ಅದರಿಂದ ಒಂದು ಮಡಿಗೂ ನೀರು ಹಾಯಿಸಲಾರ. ಸವಳು-ಜವಳಾದ ಹೊಲವನ್ನು ಕಂಡಿರುವ ಕೃಷ್ಣಾ ತೀರದವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಅತಿ ನೀರಾವರಿಯಿಂದ ಆದದ್ದು ಅಲ್ಲಿ ಸಮುದ್ರದಿಂದ ಆಗುತ್ತದೆ. ಮಳೆ ಕಡಿಮೆಯಾದ ವರ್ಷ ಉಪ್ಪು ಗದ್ದೆಗಳಲ್ಲೇ ಉಳಿಯುತ್ತದೆ, ಮತ್ತು ಆ ತಗ್ಗಿನ ಭತ್ತದ ಗದ್ದೆಗಳು ಬಹುತೇಕ ಹೆಣ್ಣುಮಕ್ಕಳ ದುಡಿಮೆಯವು.

ದಿಬ್ಬದ ನೆಲದಲ್ಲಿ ಗಂಡಸರು ಶೇಂಗಾ, ಸಜ್ಜೆ, ಜೋಳ ಬೆಳೆಯುತ್ತಾರೆ. ಎಲ್ಲವೂ ಮಳೆಯಾಶ್ರಿತ, ವರ್ಷಕ್ಕೊಂದೇ ಬೆಳೆ. ಶೇಂಗಾವನ್ನು ನುಣ್ಣಗೆ ಅರೆದು ಮಾಡುವ ದೊಮೋದಾ ಎಂಬ ಸಾರು ಅಲ್ಲಿಯ ನಿತ್ಯದ ಅಡುಗೆ. ನಮ್ಮ ಶೇಂಗಾ ಹಿಂಡಿ ತಿಂದು ಬೆಳೆದವರಿಗೆ ಅದರ ಪರಿಮಳ ಅಪರಿಚಿತವೆನಿಸದು.

ಪ್ರಶ್ನೆ: ಗ್ಯಾಂಬಿಯಾದ ಯುವಕರು ದೋಣಿಗಳಲ್ಲಿ ಯುರೋಪಿಗೆ ಹೋಗುವುದೇಕೆ?
– ಓದುಗರೊಬ್ಬರು, ಮುಧೋಳ

ಉತ್ತರ: ಜನಸಂಖ್ಯೆಯ ಅರ್ಧದಷ್ಟು ಮಂದಿ ಇಪ್ಪತ್ತು ವರ್ಷದೊಳಗಿನವರು. ಒಂದೇ ಬೆಳೆಯ ಹೊಲ ಬೆಳೆದ ಮಕ್ಕಳೆಲ್ಲರನ್ನೂ ಸಾಕದು. ರಾಜಧಾನಿ ಬಾಂಜುಲ್‌ನ ಪಕ್ಕದ ಸೆರೆಕುಂಡಾದಲ್ಲಿ ಜನ ಒತ್ತೊತ್ತಾಗಿ ನೆಲೆಸಿದ್ದರೂ ಕಾರ್ಖಾನೆಗಳು ಕಡಿಮೆ, ಪ್ರವಾಸೋದ್ಯಮದ ಕೆಲಸ ಚಳಿಗಾಲದ ಕೆಲವೇ ತಿಂಗಳು. ಸಹಾರಾ ದಾಟಿ ಲಿಬಿಯಾದ ಮೂಲಕ ಇಟಲಿಗೆ ಹೋಗುವ ಹಾದಿಯನ್ನು ಅಲ್ಲಿಯವರು 'ಬ್ಯಾಕ್ ವೇ', ಅಂದರೆ ಹಿತ್ತಲ ದಾರಿ, ಎನ್ನುತ್ತಾರೆ. ಮರುಭೂಮಿಯಲ್ಲಿಯೂ ಸಮುದ್ರದಲ್ಲಿಯೂ ಅನೇಕರು ಸಾಯುತ್ತಾರೆಂಬುದು ಪ್ರತಿ ತಾಯಿಗೂ ಗೊತ್ತು. ಆದರೂ ಹೊರದೇಶದಿಂದ ಬರುವ ಹಣ ದೇಶದ ಒಟ್ಟು ಉತ್ಪನ್ನದ ಐದನೆಯ ಒಂದು ಭಾಗದಷ್ಟು ಅಥವಾ ಅದಕ್ಕೂ ಹೆಚ್ಚು ಇರುವುದರಿಂದ, ಹೋಗಬೇಡವೆನ್ನುವುದು ಮನೆಯವರಿಗೆ ಸುಲಭವಲ್ಲ. ಆ ಹಣದಲ್ಲಿ ಮೊದಲು ಕೊಳ್ಳುವುದು ಅಕ್ಕಿಯನ್ನು, ಏಕೆಂದರೆ ದೇಶ ಉಣ್ಣುವ ಅಕ್ಕಿಯ ಬಹುಪಾಲು ಆಮದಾಗಿ ಬರುತ್ತದೆ, ಭಾರತದಿಂದಲೂ ಬರುತ್ತದೆ. 2022ರ ಸೆಪ್ಟೆಂಬರಿನಲ್ಲಿ ನಮ್ಮ ಸರ್ಕಾರ ನುಚ್ಚಕ್ಕಿಯ ರಫ್ತನ್ನು ನಿಲ್ಲಿಸಿದಾಗ ಚಿಂತೆಗೀಡಾದ ನಾಡುಗಳಲ್ಲಿ ಗ್ಯಾಂಬಿಯಾವೂ ಒಂದು.