ಬಾಣ ಎಲ್ಲಿಂದ ಹೊರಡಬೇಕು?

ಪ್ರಶ್ನೆ: ಸಾವಯವ ರಸಾಯನಶಾಸ್ತ್ರದ ಕ್ರಿಯೆಗಳನ್ನೆಲ್ಲ ಉರು ಹೊಡೆದಿದ್ದೇನೆ. ಪರೀಕ್ಷೆಯಲ್ಲಿ ಅಣುವನ್ನು ಸ್ವಲ್ಪ ಬದಲಿಸಿ ಕೊಟ್ಟರೂ ಕೈ ನಿಂತುಹೋಗುತ್ತದೆ. ಇಷ್ಟೊಂದು ಕ್ರಿಯೆಗಳನ್ನು ನೆನಪಿಡುವುದು ಹೇಗೆ?

ಉತ್ತರ: ಪಟ್ಟಿಯನ್ನು ಸದ್ಯಕ್ಕೆ ಬದಿಗಿಡಿ. ಅಣು ಕಂಡೊಡನೆ ಎಲೆಕ್ಟ್ರಾನ್ ಎಲ್ಲಿ ಹೆಚ್ಚಿದೆ, ಎಲ್ಲಿ ಕೊರತೆಯಿದೆ ಎಂದು ಹುಡುಕಿ. ಎಲೆಕ್ಟ್ರಾನ್ ಜೋಡಿ ಎಲ್ಲಿಂದ ಎಲ್ಲಿಗೆ ಸರಿಯುತ್ತದೆ ಎಂದು ತೋರಿಸುವ ಬಾಗಿದ ಬಾಣ ಹೊರಡುವುದು ಒಂಟಿ ಜೋಡಿಯಿಂದ (ಬಂಧದಲ್ಲಿ ತೊಡಗದ ಜೋಡಿ) ಇಲ್ಲವೇ ಬಂಧದಿಂದ. ಹೋಗಿ ಸೇರುವುದು ಕೊರತೆಯಿರುವ ಕಡೆಗೆ. ಎಷ್ಟೋ ವಿದ್ಯಾರ್ಥಿಗಳು ಪ್ರೋಟಾನಿನಿಂದ (ಎಲೆಕ್ಟ್ರಾನ್ ಕಳೆದುಕೊಂಡ ಹೈಡ್ರೋಜನ್) ಬಾಣ ಹೊರಡಿಸುತ್ತಾರೆ. ಪ್ರೋಟಾನಿನ ಬಳಿ ಕೊಡಲು ಎಲೆಕ್ಟ್ರಾನೇ ಇಲ್ಲ. ಈ ಒಂದು ತಪ್ಪು ತಿದ್ದಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ಪ್ರೊಪೀನ್‌ಗೆ ಹೈಡ್ರೋಜನ್ ಬ್ರೋಮೈಡ್ ಸೇರುವುದನ್ನು ಬರೆದು ನೋಡಿ. ಮೊದಲ ಬಾಣ ದ್ವಿಬಂಧದಿಂದ ಹೈಡ್ರೋಜನ್ ಕಡೆಗೆ, ಎರಡನೆಯದು ಹೈಡ್ರೋಜನ್–ಬ್ರೋಮಿನ್ ಬಂಧದಿಂದ ಬ್ರೋಮಿನ್ ಮೇಲಕ್ಕೆ. ಎರಡನೆಯದನ್ನು ಬಿಟ್ಟರೆ ಹೈಡ್ರೋಜನ್‌ಗೆ ಎರಡು ಬಂಧಗಳಾಗಿಬಿಡುತ್ತವೆ. ಹೈಡ್ರೋಜನ್ ತುದಿಯ ಇಂಗಾಲಕ್ಕೆ ಸೇರಿದರೆ ಧನ ಆವೇಶ ನಡುವಿನ ಇಂಗಾಲದ ಮೇಲೆ, ಎರಡು ಮಿಥೈಲ್ ಗುಂಪುಗಳ ಆಸರೆಯಲ್ಲಿ ಇರುತ್ತದೆ. ನಡುವಿಗೆ ಸೇರಿದರೆ ಧನ ಆವೇಶ ತುದಿಗೆ ಬಂದು, ಆಸರೆಗೆ ಒಂದೇ ಇಥೈಲ್ ಗುಂಪು ಉಳಿಯುತ್ತದೆ. ಆದ್ದರಿಂದ 2-ಬ್ರೋಮೊಪ್ರೊಪೇನ್ ಸಿಗುತ್ತದೆ. ಮಾರ್ಕೊವ್ನಿಕಾಫ್ ನಿಯಮ ಎಂದು ಬಾಯಿಪಾಠ ಮಾಡುವುದು ಇದನ್ನೇ. ಪೆರಾಕ್ಸೈಡ್ ಇದ್ದರೆ ಒಂಟಿ ಎಲೆಕ್ಟ್ರಾನ್ ಇರುವ ಬ್ರೋಮಿನ್ ರ‍್ಯಾಡಿಕಲ್ ಮೊದಲು ತುದಿಗೆ ಸೇರಿ 1-ಬ್ರೋಮೊಪ್ರೊಪೇನ್ ಆಗುತ್ತದೆ.

ಈಗ ಪೆರಾಕ್ಸೈಡ್ ಇಲ್ಲದೆ ಅದೇ ಹೈಡ್ರೋಜನ್ ಬ್ರೋಮೈಡ್ ಸೇರಿಸಲು 3-ಮಿಥೈಲ್-1-ಬ್ಯುಟೀನ್ ತೆಗೆದುಕೊಳ್ಳಿ. ಉರು ಹೊಡೆದವರು ನಿಲ್ಲುವುದು ಇಲ್ಲಿ. ಮೊದಲು ಎರಡನೇ ಇಂಗಾಲದ ಮೇಲೆ ದ್ವಿತೀಯಕ (ಎರಡು ಇಂಗಾಲಗಳಿಗೆ ಅಂಟಿದ) ಕಾರ್ಬೊಕ್ಯಾಟಯಾನ್, ಅಂದರೆ ಧನ ಆವೇಶದ ಇಂಗಾಲ, ಹುಟ್ಟುತ್ತದೆ. ಪಕ್ಕದ ಮೂರನೇ ಇಂಗಾಲದ ಹೈಡ್ರೋಜನ್ ತನ್ನ ಎರಡೂ ಎಲೆಕ್ಟ್ರಾನ್‌ಗಳ ಸಮೇತ ಇತ್ತ ಸರಿದರೆ ಧನ ಆವೇಶ ಮೂರನೇ ಇಂಗಾಲಕ್ಕೆ ಹೋಗಿ, ಅದು ತೃತೀಯಕವಾಗಿ (ಮೂರು ಇಂಗಾಲಗಳಿಗೆ ಅಂಟಿ) ಇನ್ನಷ್ಟು ಸ್ಥಿರವಾಗುತ್ತದೆ. ಹೀಗಾಗಿ 2-ಬ್ರೋಮೊ-3-ಮಿಥೈಲ್‌ಬ್ಯುಟೇನ್ ಜತೆಗೆ 2-ಬ್ರೋಮೊ-2-ಮಿಥೈಲ್‌ಬ್ಯುಟೇನ್ ಕೂಡ ಸಿಗುತ್ತದೆ. ಕಾರ್ಬೊಕ್ಯಾಟಯಾನ್ ಬರೆದಾಗಲೆಲ್ಲ ಅದರ ಅಕ್ಕಪಕ್ಕದ ಇಂಗಾಲಗಳನ್ನು ನೋಡದೆ ಮುಂದೆ ಹೋಗಬೇಡಿ.

ಪ್ರತಿ ಹಂತ ಮುಗಿದ ಮೇಲೆ ಇಂಗಾಲಕ್ಕೆ ತಪ್ಪಿ ಐದು ಬಂಧಗಳಾಗಿವೆಯೇ, ಎರಡೂ ಬದಿಯ ಒಟ್ಟು ಆವೇಶ ಒಂದೇ ಇದೆಯೇ ಎಂದು ಎಣಿಸಿ. ಪುಸ್ತಕ ಮುಚ್ಚಿ ಖಾಲಿ ಹಾಳೆಯಲ್ಲಿ ಬರೆಯಿರಿ. ಓದುವಾಗ ಎಲ್ಲವೂ ಅರ್ಥವಾದಂತೆ ಕಾಣುತ್ತದೆ, ಬರೆಯುವಾಗಷ್ಟೇ ಸಂದು ಬಯಲಾಗುತ್ತದೆ.

ಪ್ರಶ್ನೆ: ಎಸ್‌ಎನ್-1, ಎಸ್‌ಎನ್-2, ಇ-2 ಇವುಗಳಲ್ಲಿ ಯಾವುದು ನಡೆಯುತ್ತದೆ ಎಂದು ನಿರ್ಧರಿಸುವುದು ಹೇಗೆ?

ಉತ್ತರ: ಎಸ್‌ಎನ್ ಎಂದರೆ ಹ್ಯಾಲೊಜನ್ ಜಾಗಕ್ಕೆ ಬೇರೆ ಗುಂಪು ಬರುವ ಬದಲಿಕೆ: 1ರಲ್ಲಿ ಹ್ಯಾಲೊಜನ್ ಮೊದಲೇ ಕಳಚುತ್ತದೆ, 2ರಲ್ಲಿ ಬರುವುದೂ ಹೋಗುವುದೂ ಒಟ್ಟಿಗೆ. ಇ-2 ಎಂದರೆ ಹೈಡ್ರೋಜನ್, ಹ್ಯಾಲೊಜನ್ ಎರಡೂ ಹೋಗಿ ದ್ವಿಬಂಧ ಆಗುವುದು. ಮೊದಲು ಬ್ರೋಮಿನ್‌ನಂಥ ಹ್ಯಾಲೊಜನ್ ಕೂತಿರುವ ಇಂಗಾಲವನ್ನು ನೋಡಿ, ಆಮೇಲೆ ಅದಕ್ಕೆ ಸೇರಿಸುವ ಕಾರಕವನ್ನು. ಎಸ್‌ಎನ್-2ರಲ್ಲಿ ನ್ಯೂಕ್ಲಿಯೊಫೈಲ್ (ಎಲೆಕ್ಟ್ರಾನ್ ಜೋಡಿ ಕೊಟ್ಟು ಇಂಗಾಲಕ್ಕೆ ಅಂಟುವ ಕಾರಕ) ಹ್ಯಾಲೊಜನ್‌ನ ಬೆನ್ನ ಕಡೆಯಿಂದ ನುಗ್ಗಬೇಕು. 1-ಬ್ರೋಮೊಬ್ಯುಟೇನ್‌ನಲ್ಲಿ ಆ ದಾರಿ ತೆರೆದಿದೆ. ಡೈಮಿಥೈಲ್ ಸಲ್ಫಾಕ್ಸೈಡ್‌ನಲ್ಲಿ ಸೋಡಿಯಂ ಸಯನೈಡ್ ಜತೆ ಅದು ಪೆಂಟೇನ್‌ನೈಟ್ರೈಲ್ ಕೊಡುತ್ತದೆ. ಸಯನೈಡಿನ ಇಂಗಾಲವನ್ನು ಸೇರಿಸಿ ಎಣಿಸಲು ಮರೆತು ಬ್ಯುಟೇನ್‌ನೈಟ್ರೈಲ್ ಎಂದು ಬರೆಯುವವರು ಬಹಳ.

ಟರ್ಷಿಯರಿ ಬ್ಯುಟೈಲ್ ಬ್ರೋಮೈಡ್‌ನಲ್ಲಿ ಮೂರು ಮಿಥೈಲ್ ಗುಂಪುಗಳು ಆ ದಾರಿಯನ್ನು ಮುಚ್ಚಿವೆ, ಎಸ್‌ಎನ್-2 ನಡೆಯದು. ನೀರಿನಲ್ಲಿ ಅದು ತಾನಾಗಿ ಬ್ರೋಮೈಡ್ ಕಳಚಿಕೊಂಡು, ಎಸ್‌ಎನ್-1 ಮೂಲಕ ಮುಖ್ಯವಾಗಿ ಆಲ್ಕೊಹಾಲ್ ಆಗುತ್ತದೆ. ಸೋಡಿಯಂ ಇಥಾಕ್ಸೈಡ್‌ನಂಥ ಪ್ರಬಲ ಪ್ರತ್ಯಾಮ್ಲ ಕೊಟ್ಟರೆ ಅದು ಪಕ್ಕದ ಹೈಡ್ರೋಜನ್ ಕಿತ್ತುಕೊಂಡು 2-ಮಿಥೈಲ್‌ಪ್ರೊಪೀನ್ ಮಾಡುತ್ತದೆ, ಅದು ಇ-2.

ಕಷ್ಟ ಇರುವುದು ಹ್ಯಾಲೊಜನ್ ಕೂತ ಇಂಗಾಲ ದ್ವಿತೀಯಕವಾದಾಗ. 2-ಬ್ರೋಮೊಪ್ರೊಪೇನ್‌ಗೆ ಇಥಾಕ್ಸೈಡ್ ಕೊಟ್ಟರೆ ಪ್ರೊಪೀನ್ ಹೆಚ್ಚು. ಅಸಿಟೋನಿನಲ್ಲಿ ಸೋಡಿಯಂ ಅಯೊಡೈಡ್ ಕೊಟ್ಟರೆ ಬದಲಿಕೆ. ಅಯೊಡೈಡ್ ಒಳ್ಳೆಯ ನ್ಯೂಕ್ಲಿಯೊಫೈಲ್, ಆದರೆ ತೀರಾ ದುರ್ಬಲ ಪ್ರತ್ಯಾಮ್ಲ. ಈ ಎರಡು ಗುಣಗಳನ್ನು ಒಂದೇ ಎಂದುಕೊಂಡರೆ ಉತ್ತರ ತಪ್ಪುತ್ತದೆ. ಬಿಸಿ ಹೆಚ್ಚಿದಷ್ಟೂ ಕ್ರಿಯೆ ಆಲ್ಕೀನ್ (ದ್ವಿಬಂಧದ ಅಣು) ಕಡೆ ವಾಲುತ್ತದೆ.

ಪ್ರಶ್ನೆ: ನಾಲ್ಕು ಬೇರೆ ಗುಂಪುಗಳಿರುವ ಇಂಗಾಲದ ಎಡ-ಬಲ ಜೋಡಣೆಯನ್ನು, ಅಂದರೆ ಆರ್, ಎಸ್ ಗುರುತಿಸಲು ಗುಂಪುಗಳ ಆದ್ಯತೆ ಹಚ್ಚುವಾಗ ಟರ್ಷಿಯರಿ ಬ್ಯುಟೈಲ್ ದೊಡ್ಡ ಗುಂಪಲ್ಲವೇ? ಬ್ರೋಮೊಮಿಥೈಲ್ ಅದಕ್ಕಿಂತ ಮೇಲೆ ಹೇಗೆ?

ಉತ್ತರ: ಗಾತ್ರ ಇಲ್ಲಿ ಲೆಕ್ಕಕ್ಕಿಲ್ಲ, ಪರಮಾಣು ಸಂಖ್ಯೆಗಳನ್ನು ಕೂಡಿಸುವುದೂ ಇಲ್ಲ. ಎರಡರಲ್ಲೂ ಮೊದಲ ಪರಮಾಣು ಇಂಗಾಲವೇ, ಅಲ್ಲಿಗೆ ಸಮ. ಅದಕ್ಕೆ ಅಂಟಿದವು ಒಂದರಲ್ಲಿ ಬ್ರೋಮಿನ್, ಹೈಡ್ರೋಜನ್, ಹೈಡ್ರೋಜನ್. ಇನ್ನೊಂದರಲ್ಲಿ ಮೂರೂ ಇಂಗಾಲ. ಪರಮಾಣು ಸಂಖ್ಯೆಯಲ್ಲಿ ದೊಡ್ಡದನ್ನು ಮೊದಲಿಟ್ಟು ಹೋಲಿಸಿದರೆ 35ರ ಎದುರು 6, ತೀರ್ಮಾನ ಅಲ್ಲೇ ಮುಗಿಯಿತು.

ಪ್ರಶ್ನೆ: ಆಮ್ಲದ ಬಲ ಹೇಳುವ ಪಿಕೆಎ ಮೌಲ್ಯಗಳನ್ನು (ಕಡಿಮೆಯಿದ್ದಷ್ಟೂ ಆಮ್ಲ ಪ್ರಬಲ) ನಿಜಕ್ಕೂ ನೆನಪಿಡಬೇಕೇ?

ಉತ್ತರ: ಇವನ್ನು ಮಾತ್ರ ಖಂಡಿತ ನೆನಪಿಡಿ: ಅಸಿಟಿಕ್ ಆಮ್ಲ 4.8, ಕಾರ್ಬಾನಿಕ್ ಆಮ್ಲ 6.4, ಫೀನಾಲ್ 10, ನೀರು ಮತ್ತು ಇಥನಾಲ್ ಸುಮಾರು 16, ತುದಿಯ ತ್ರಿಬಂಧದ ಹೈಡ್ರೋಜನ್ 25, ಅಮೋನಿಯಾ 38. ಪ್ರೋಟಾನ್ ಹೆಚ್ಚು ಪಿಕೆಎ ಇರುವ ಕಡೆ ಹೋಗಿ ನೆಲೆಸುತ್ತದೆ. ಫೀನಾಲ್ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಕರಗುವುದು, ಬೈಕಾರ್ಬೊನೇಟಿನೊಂದಿಗೆ ಗುಳ್ಳೆ ಬಾರದಿರುವುದು, ತುದಿಯಲ್ಲಿ ತ್ರಿಬಂಧವಿರುವ ಆಲ್ಕೈನ್‌ಗೆ ಹೈಡ್ರಾಕ್ಸೈಡ್ ಸಾಲದೆ ಸೋಡಮೈಡ್ (ಪ್ರೋಟಾನ್ ಪಡೆದರೆ ಅಮೋನಿಯಾ ಆಗುವ ಪ್ರತ್ಯಾಮ್ಲ) ಬೇಕಾಗುವುದು, ಮೂರಕ್ಕೂ ಕಾರಣ ಈ ಅಂಕಿಗಳಲ್ಲೇ ಇದೆ.